ಹಿತ್ತಿಲಲ್ಲಿ ಹಾಕಿದ ಹೆಕ್ಸೇನ್

ನಮ್ಮ ಅತ್ತಿಗೆ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಒಂದರಲ್ಲಿ ಫೇಲಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಓದಿದ್ದು ತವರಾದ ಹಳೇಬೀಡಿನಲ್ಲಿ. ಫೇಲಾದ ಮೇಲೆ ನಾಲ್ಕೈದು ವರ್ಷ ತವರಿನಲ್ಲೇ ಇದ್ದು, ನನ್ನ ಅಣ್ಣನ ಕೈಹಿಡಿದು ಗಂಡಸಿಯ ಪಕ್ಕದ ನಮ್ಮ ಊರಿಗೆ ಬಂದರು. ತೆಂಗಿನ ತೋಟದ ಮನೆ, ಕೊಬ್ಬರಿ ಅಟ್ಟ, ನಾಲ್ಕು ಎಮ್ಮೆ, ದಿನಕ್ಕೆ ಹತ್ತು ಹನ್ನೆರಡು ಜನರ ಊಟ. ಆ ಮನೆಯಲ್ಲಿ ಇಂಗಾಲ, ಜಲಜನಕ ಎಂಬ ಮಾತಿಗೆ ಜಾಗವೆಲ್ಲಿ? ಅಣ್ಣ ಎದೆನೋವು ಎಂದವನು ಹಾಸನದ ಆಸ್ಪತ್ರೆ ಮುಟ್ಟಲಿಲ್ಲ. ಅದಾಗಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುವವನು. ಮನೆಯಲ್ಲೇ ಒಬ್ಬರು ವಿಜ್ಞಾನದಲ್ಲಿ ಫೇಲಾಗಿ ಕೂತಿದ್ದಾರೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದು ನನ್ನ ಕೆಲಸ ಎಂದು ಒಂದು ದಿನವೂ ಅನ್ನಿಸಿರಲಿಲ್ಲ, ಅಷ್ಟೆ.

ಅನ್ನಿಸುವಂತೆ ಮಾಡಿದ್ದು ಬೇಲೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್. ನಮ್ಮ ಮನೆಯವರು ನಡೆದುಕೊಳ್ಳುವ ಮಠದ್ದು. ಯಾವುದೋ ದಾಸೋಹದಲ್ಲಿ ಅತ್ತಿಗೆ ಮುನ್ನೂರು ಜನಕ್ಕೆ ಅನ್ನ ಹುಳಿ ಮಾಡಿ, ಒಂದು ಹಿಡಿ ಉಪ್ಪೂ ಹೆಚ್ಚುಕಮ್ಮಿಯಾಗದಂತೆ ಇಳಿಸಿದ್ದನ್ನು ಹಾಸ್ಟೆಲ್ಲಿನ ಕಾರ್ಯದರ್ಶಿಗಳು ನೋಡಿದ್ದರು. ಅಡುಗೆ ಮನೆಯ ಉಸ್ತುವಾರಿಗೆ ಬನ್ನಿ, ಇರಲು ಕೋಣೆಯಿದೆ, ಸಂಬಳವಿದೆ ಎಂದರು. ಆದರೆ ಎಸ್ಸೆಸ್ಸೆಲ್ಸಿ ಆಗಿರಬೇಕು, ಇಲ್ಲದಿದ್ದರೆ ಉಸ್ತುವಾರಿಯ ರಿಜಿಸ್ಟರಿನಲ್ಲಿ ಹೆಸರು ಬರೆಯಲು ಬರುವುದಿಲ್ಲ, ಹಾಸ್ಟೆಲ್ ತುಂಬುವವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದೂ ಹೇಳಿದರು.

ಅತ್ತಿಗೆ ಆ ವಾರವೇ ನನ್ನ ಮುಂದೆ ಕಾಫಿ ಲೋಟ ಇಟ್ಟು ನಿಂತರು. ಮನೆಯಲ್ಲಿ ಅವರೊಬ್ಬರೇ ನನ್ನನ್ನು ಮೇಷ್ಟ್ರೇ ಎಂದು ಕರೆಯುವವರು. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಕೀಟಲೆ.

"ಮೇಷ್ಟ್ರೇ, ಈಗ ಪರೀಕ್ಷೆಗೆ ಕೂತ್ರೆ ವಿಜ್ಞಾನ ಒಂದೇ ಕಟ್ಟಿದ್ರೆ ಸಾಕಂತೆ, ಹೌದಾ?"

"ಹೌದು ಅತ್ತಿಗೆ. ಆದ್ರೆ ಪುಸ್ತಕ ಹೊಸದು. ನೀವು ಓದಿದ್ದು ಯಾವುದೂ ಅದ್ರಲ್ಲಿ ಇಲ್ಲ."

"ಓದಿದ್ರೆ ತಾನೇ, ಓದಿದ್ದು ಹೋಯ್ತು ಅಂತ ಅಳೋಕೆ" ಎಂದು ನಕ್ಕರು. ಆಮೇಲೆ ಸೆರಗಿನಿಂದ ಕೈಯೊರೆಸಿಕೊಂಡರು. "ಈ ಮನೇಲಿ ನಂಗೆ ಏನೂ ಕಮ್ಮಿ ಇಲ್ಲ. ಆದ್ರೆ ಬೆಳಿಗ್ಗೆ ಎದ್ದಾಗ ಎಲ್ಲಿಗಾದ್ರೂ ಹೋಗ್ಬೇಕು ಅನ್ಸತ್ತೆ. ಹೋಗೋಕೆ ಜಾಗ ಇಲ್ಲ. ಅಷ್ಟೇಯ."

ಒಳಗಿನಿಂದ ನಮ್ಮಮ್ಮ ಕೇಳಿಸಿಕೊಂಡರು. "ಈ ವಯಸ್ನಾಗೆ ಪರೀಕ್ಷೆಯಂತೆ. ಅಡುಗೆ ಮನೆ ಯಾರು ನೋಡ್ತಾರೆ, ಗೋಡೆ ನೋಡ್ತದಾ?" ಎಂದು ಪಾತ್ರೆಯ ಮೇಲೆ ಸಿಟ್ಟು ತೋರಿಸಿದರು. ಬೇಡ ಎಂದು ಮಾತ್ರ ಅನ್ನಲಿಲ್ಲ. ನಮ್ಮಮ್ಮನ ಬಾಯಿಂದ ಬೇಡ ಎಂಬ ಮಾತು ಬರುವುದು ಬಹಳ ಅಪರೂಪ. ಅದರ ಬಗ್ಗೆ ಮುಂದೆ ಹೇಳಬೇಕಾಗಿದೆ.

ಹಳೇಬೀಡಿನಲ್ಲಿ ಓದಿದ ಶಾಲೆಯ ಮೂಲಕವೇ ಅರ್ಜಿ ಹಾಕಿಸಿದೆವು. ಸೆಂಟರು ಬೇಲೂರಿನಲ್ಲಿ ಸಿಕ್ಕಿತು. ನಾನು ಹೇಳಿಕೊಡಲು ಕೂತೆ. ಬೆಳಕು, ವಿದ್ಯುತ್ತು, ಜೀರ್ಣಕ್ರಿಯೆ ಇವೆಲ್ಲ ಅತ್ತಿಗೆಗೆ ಬೇಗ ಹಿಡಿದವು. ಆಮ್ಲ ಪ್ರತ್ಯಾಮ್ಲವಂತೂ ಹುಣಸೆಹಣ್ಣು, ಅಡುಗೆ ಸೋಡಾ ಎಂದರೆ ಮುಗಿಯಿತು, ನನಗೇ ಪಾಠ ಹೇಳುವಷ್ಟು. ನಿಂತದ್ದು ಕಾರ್ಬನ್ನಿನಲ್ಲಿ. ಅದರಲ್ಲೂ ಒಂದೇ ಒಂದು ವಿಷಯದಲ್ಲಿ: ರಚನಾ ಸಮಾಂಗಿಗಳು.

ವಿಷಯ ದೊಡ್ಡದೇನಲ್ಲ. ಕಾರ್ಬನ್ನಿಗೆ ನಾಲ್ಕು ಕೈ, ಹೈಡ್ರೋಜನ್ನಿಗೆ ಒಂದೇ ಕೈ. ಐದು ಕಾರ್ಬನ್ನು, ಹನ್ನೆರಡು ಹೈಡ್ರೋಜನ್ನು ಕೊಟ್ಟು, ಯಾರ ಕೈಯೂ ಖಾಲಿ ಉಳಿಯದಂತೆ ಜೋಡಿಸು ಎಂದರೆ ಎಷ್ಟು ಬೇರೆ ಬೇರೆ ರೀತಿಯಲ್ಲಿ ಜೋಡಿಸಬಹುದು? ಇದು ಪೆಂಟೇನಿನ ಪ್ರಶ್ನೆ. ಉತ್ತರ ಮೂರು. ಐದೂ ಸಾಲಾಗಿ ನಿಂತದ್ದು ಒಂದು. ನಾಲ್ಕು ಸಾಲಾಗಿ ನಿಂತು, ಐದನೆಯದು ಒಳಗಿನ ಒಬ್ಬರ ಹೆಗಲಿಗೆ ಕವಲಾಗಿ ಸೇರಿದ್ದು ಒಂದು. ನಡುವೆ ಒಬ್ಬ, ಅವನ ನಾಲ್ಕು ಕೈಗೂ ಒಬ್ಬೊಬ್ಬರು, ಇದು ಮೂರನೆಯದು. ಸಾಮಾನು ಅದೇ, ವಸ್ತು ಬೇರೆ. ಕುದಿಯುವ ಬಿಸಿಯೂ ಬೇರೆ ಬೇರೆ.

ಅತ್ತಿಗೆ ಏಳು ಬರೆದರು.

"ಏಳಲ್ಲ ಅತ್ತಿಗೆ, ಮೂರೇ. ಈ ನಾಲ್ಕೂ ಒಂದೇ, ಈ ಎರಡೂ ಒಂದೇ, ಕಾಣಲ್ವಾ?"

"ಕಾಣಲ್ಲ. ಬೇರೆ ಬೇರೆನೇ ಕಾಣ್ತವೆ."

"ಒಂದೇ ಅತ್ತಿಗೆ."

"ನೀವು ಮೇಷ್ಟ್ರು, ಒಂದೇ ಅಂದ್ರೆ ಒಂದೇ. ನಂಗೆ ಕಾಣಲ್ಲ ಅಂದೆ ಅಷ್ಟೇ."

ಈ ಮಾತುಕತೆ ನನಗೆ ಹೊಸದಲ್ಲ. ಪ್ರತಿವರ್ಷ ತರಗತಿಯಲ್ಲಿ ನಡೆಯುವುದೇ. ಕೆಲವು ಮಕ್ಕಳಿಗೆ ನೋಡಿದ ಕೂಡಲೇ ಕಾಣುತ್ತದೆ, ಉಳಿದವರಿಗೆ ಕಾಣುವುದಿಲ್ಲ. ಕಾಣದವರಿಗೆ ನಾನು ಮಾಡುತ್ತಿದ್ದುದನ್ನೇ ಅತ್ತಿಗೆಗೂ ಮಾಡಿದೆ. ಮೂರು ಚಿತ್ರ ಬರೆದುಕೊಟ್ಟು, "ಇದನ್ನ ಬಾಯಿಪಾಠ ಮಾಡಿಬಿಡಿ, ಪೆಂಟೇನೇ ಬರೋದು" ಎಂದೆ. ಅವರು ಮಾಡಿದರು. ಕಣ್ಣು ಮುಚ್ಚಿ ಬರೆಯುವಂತಾದರು.

ಮೊದಲ ಪರೀಕ್ಷೆಯಲ್ಲಿ ಹೆಕ್ಸೇನ್ ಬಂತು. ಆರು ಕಾರ್ಬನ್ನು. ಬಾಯಿಪಾಠದಲ್ಲಿ ಆರನೆಯ ಕಾರ್ಬನ್ನಿಗೆ ಜಾಗವಿರಲಿಲ್ಲ. ಅತ್ತಿಗೆ ಹದಿನೊಂದು ಚಿತ್ರ ಬರೆದು ಬಂದಿದ್ದರು. ಅದರ ಮೇಲೇ ಅರ್ಧ ಗಂಟೆ ಕಳೆದು, ಕೊನೆಯ ಎರಡು ಪ್ರಶ್ನೆ ಮುಟ್ಟಲಾಗದೆ ಬಿಟ್ಟಿದ್ದರು. ನಾಲ್ಕು ಅಂಕದಲ್ಲಿ ಹೋಯಿತು.

ಫಲಿತಾಂಶದ ದಿನವೂ ಅವರು ರಾಗಿ ಮುದ್ದೆ ಕಟ್ಟಿ ಬಡಿಸಿದರು, ಎಂದಿನಂತೆ. ನಾನೇ ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಎರಡನೇ ಪರೀಕ್ಷೆ ತಿಂಗಳೊಪ್ಪತ್ತಿನಲ್ಲೇ ಇದೆ, ಅದರ ಫಲಿತಾಂಶದವರೆಗೆ ಕಾಯುತ್ತೇವೆ, ಅದರಾಚೆಗೆ ಆಗದು ಎಂದರು. ಅದನ್ನು ಹೇಳಿದಾಗ ಅತ್ತಿಗೆ ಕೈಯೊರೆಸಿಕೊಳ್ಳುತ್ತ, "ಹಂಗಾದ್ರೆ ಇನ್ನೊಂದು ಸಲ ಕೂರೋಣ. ಈ ಸಲ ಬಾಯಿಪಾಠ ಬೇಡಿ ಮೇಷ್ಟ್ರೇ. ನಂಗೆ ಅದು ಯಾಕೆ ಒಂದೇ ಅನ್ನೋದು ತಿಳೀಬೇಕು" ಎಂದರು.

ನಾಚಿಕೆಯಾಯಿತು. ಇಪ್ಪತ್ತು ವರ್ಷದಿಂದ ಎಷ್ಟು ಮಕ್ಕಳು ಮನಸ್ಸಿನಲ್ಲೇ ಈ ಮಾತು ಅಂದುಕೊಂಡು ನನ್ನ ಮುಂದೆ ಸುಮ್ಮನೆ ತಲೆಯಾಡಿಸಿದ್ದಾರೋ.

ಇಲ್ಲಿ ರಂಗೋಲಿಯ ವಿಷಯ ಹೇಳಬೇಕು.

ಅತ್ತಿಗೆ ಬಂದ ಹೊಸತರಲ್ಲಿ ನಮ್ಮ ಬೀದಿಯ ಹೆಂಗಸರು ನಮ್ಮ ಬಾಗಿಲ ಮುಂದೆ ನಿಂತು ಹೋಗುತ್ತಿದ್ದರು. ಸಗಣಿ ನೀರು ಹಾಕಿ ಸಾರಿಸಿದ ಅಂಗಳದಲ್ಲಿ ಇಪ್ಪತ್ತೊಂದು ಚುಕ್ಕಿ ಇಟ್ಟು, ಒಂದೇ ಎಳೆಯಲ್ಲಿ ಸುತ್ತಿ ತಂದು ಕೂಡಿಸುವ ಕೈ ಅವರದು. ಅವರ ತಾಯಿಯಿಂದ ಬಂದದ್ದು. ಅಣ್ಣ ಹೋದ ಮಾರನೆಯ ದಿನ ಬಾಗಿಲಿಗೆ ರಂಗೋಲಿಯಿಲ್ಲ, ಅದು ಎಲ್ಲರ ಮನೆಯ ಪದ್ಧತಿ. ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ನಾಲ್ಕು ಎಳೆ ಎಳೆದು ಬಂದಳು. ಅಂದಿನಿಂದ ಅವಳೇ ಎಳೆಯುತ್ತಿದ್ದಾಳೆ, ಅದೇ ನಾಲ್ಕು ಎಳೆ. ಅತ್ತಿಗೆಗೆ ಹಾಕಬೇಡ ಎಂದು ಯಾರೂ ಹೇಳಲಿಲ್ಲ. ಆಗಲೇ ಹೇಳಿದೆನಲ್ಲ, ನಮ್ಮಮ್ಮ ಬೇಡ ಅನ್ನುವವರೇ ಅಲ್ಲ. ಹಾಕು ಎಂದೂ ಯಾರೂ ಹೇಳಲಿಲ್ಲ. ಮಠದ ಪ್ರವಚನದಲ್ಲಿ ಗಂಡ ಹೋದ ಹೆಣ್ಣಿಗೂ ಎಲ್ಲವೂ ಉಂಟು ಎಂದಾಗ ಮೊದಲು ತಲೆದೂಗುವವರು ನಾವೇ. ವಿಜ್ಞಾನ ಹೇಳುವ ನಾನೂ ದಿನಾ ಬೆಳಿಗ್ಗೆ ಆ ನಾಲ್ಕು ಎಳೆ ದಾಟಿಯೇ ಬಸ್ಸಿಗೆ ಹೋಗುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಕೂತಿದ್ದೆವು. ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಅವರು ತಲೆಯಾಡಿಸುವುದು. ಅದೇ ಹಳೇ ಜಗಳ. ಕೊನೆಗೆ ಬೇಸತ್ತು, "ನೋಟ್‌ಬುಕ್ ಬೇಡ ಬಿಡಿ. ಇಲ್ಲಿ ನೆಲದ ಮೇಲೆ ಹಾಕಿ ತೋರ್ಸಿ. ಚುಕ್ಕಿ ಅಂದ್ರೆ ಕಾರ್ಬನ್ನು, ಎಳೆ ಅಂದ್ರೆ ಕೈ" ಎಂದೆ. ಯೋಚಿಸಿ ಆಡಿದ ಮಾತಲ್ಲ. ಆಡಿದ ಮೇಲೆ ಏನು ಆಡಿದೆ ಎಂದು ಹೊಳೆಯಿತು.

ಅತ್ತಿಗೆ ನೆಲ ನೋಡುತ್ತಾ ಕೂತರು. ಆಮೇಲೆ ಎದ್ದು ಒಳಗೆ ಹೋದರು. ಮುನಿದು ಹೋದರು ಎಂದುಕೊಂಡೆ. ಬರುವಾಗ ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ರಂಗೋಲಿ ಡಬ್ಬಿ. ನೀರು ಚಿಮುಕಿಸಿ ಧೂಳು ಅಡಗಿಸಿದರು. ಸೆರಗು ಸಿಕ್ಕಿಸಿ ಬಗ್ಗಿದರು. ಮೊದಲ ಚುಕ್ಕಿ ಇಡುವಾಗ ಪುಡಿ ಹೆಚ್ಚಾಗಿ ಬಿತ್ತು. ಎರಡನೆಯದು ಸರಿಯಾಗಿ ಕೂತಿತು. ಮೂರನೆಯದರ ಹೊತ್ತಿಗೆ ಆ ಹಳೆಯ ಕೈ ಬಂದಿತ್ತು.

ಅಡ್ಡಲಾಗಿ ನಾಲ್ಕು ಚುಕ್ಕಿ ಇಟ್ಟು ಎಳೆ ಎಳೆದರು. ಎಡಗಡೆಯಿಂದ ಎರಡನೆಯ ಚುಕ್ಕಿಯಿಂದ ಒಂದು ಎಳೆ ಹಿತ್ತಿಲ ಬಾಗಿಲ ಕಡೆಗೆ ತೆಗೆದು, ತುದಿಗೆ ಐದನೆಯ ಚುಕ್ಕಿ. ಪಕ್ಕದಲ್ಲೇ ಇನ್ನೊಂದು ಸಾಲು. ಅದರಲ್ಲಿ ಬಲಗಡೆಯಿಂದ ಎರಡನೆಯ ಚುಕ್ಕಿಯಿಂದ ಎಳೆ ತೆಗೆದು, ಈ ಸಲ ತಿಪ್ಪೆಯ ಕಡೆಗೆ.

"ಇದು ಒಂದು. ಇದು ಇನ್ನೊಂದು" ಎಂದರು.

ಅಷ್ಟರಲ್ಲಿ ಎಮ್ಮೆ ಹಾಲು ಕರೆದುಕೊಂಡು ನಮ್ಮಮ್ಮ ತಿಪ್ಪೆಯ ಕಡೆಯಿಂದ ಬಂದರು. ಹಾಲಿನ ಚೊಂಬು ಹಿಡಿದು ನಿಂತರು. ಆರು ವರ್ಷದ ಮೇಲೆ ಸೊಸೆಯ ಕೈಯಲ್ಲಿ ರಂಗೋಲಿ ಡಬ್ಬಿ. ನಾನು ಎದ್ದು ನಿಂತೆ. ಏನೋ ಹೇಳಬೇಕು ಎಂದು ಬಾಯಿ ತೆರೆದೆ. ಅತ್ತಿಗೆ ಬಗ್ಗಿದವರು ಬಗ್ಗಿಯೇ ಇದ್ದರು, ತಲೆಯೆತ್ತಲಿಲ್ಲ.

ಅಮ್ಮ ಆ ಎರಡನ್ನೂ ನೋಡಿದರು. "ಒಂದ್ನೇ ಯಾಕೆ ಎಲ್ಡು ಸಲ ಹಾಕಿದ್ದೀಯವ್ವ?" ಎಂದರು.

ಅತ್ತಿಗೆ ತಲೆಯೆತ್ತಿದರು. "ಒಂದೇ ಅಲ್ಲ ಅತ್ತೆ. ಇದು ಬಾಗ್ಲ ಕಡೆ ನೋಡ್ತೈತೆ, ಅದು ತಿಪ್ಪೆ ಕಡೆ."

"ನೀನು ಅಲ್ಲಿ ಕುಂತು ನೋಡಿದ್ರೆ ಹಂಗೆ. ನಾನು ನಿಂತಿರೋ ಕಡೆಯಿಂದ ನೋಡು. ನಿಂಗೆ ಅದು ಹೆಂಗೆ ಕಾಣ್ತೈತೋ ನಂಗೆ ಇದು ಹಂಗೇ ಕಾಣ್ತೈತೆ" ಎಂದು ಅಮ್ಮ ಹಾಲು ಹಿಡಿದುಕೊಂಡು ಒಳಗೆ ಹೊರಟರು. ಬಾಗಿಲಲ್ಲಿ ನಿಂತು, ಹಿಂತಿರುಗದೆ, "ಪುಡಿ ಸಾಲ್ದಿದ್ರೆ ಮೇಲಿನ ಗೂಡ್ನಾಗೆ ಇನ್ನೊಂದು ಪೊಟ್ಣ ಐತೆ" ಎಂದರು.

ಅತ್ತಿಗೆ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ನಾನು ಬೇರೆ ಕಡೆ ನೋಡಿದೆ.

ಅವರು ಡಬ್ಬಿ ಕೆಳಗಿಟ್ಟ ಮೇಲೆ ಕೇಳಿದೆ. "ಅತ್ತಿಗೆ, ಬಾಗಿಲ ಕಡೆ, ತಿಪ್ಪೆ ಕಡೆ ಅಂದ್ರಲ್ಲ. ಅದಕ್ಕೇ ನಿಮಗೆ ಬೇರೆ ಬೇರೆ ಕಾಣೋದಾ?"

"ಇನ್ನೇನು ಮತ್ತೆ? ರಂಗೋಲಿಗೆ ಮುಖ ಇರಲ್ವಾ?" ಎಂದು ನನ್ನನ್ನೇ ದಡ್ಡನಂತೆ ನೋಡಿದರು. "ನಮ್ಮವ್ವ ಕಲಿಸಿದ್ದೇ ಹಂಗೆ. ಹಂಸ ಹಾಕಿ ಕೊಕ್ಕು ಹೊಸ್ಲ ಕಡೆ ಇಟ್ರೆ ಮನೆಗೆ ಯಾರೋ ಬರ್ತಾರೆ. ಅದೇ ಹಂಸ, ಅಷ್ಟೇ ಚುಕ್ಕಿ, ಕೊಕ್ಕು ಬೀದಿ ಕಡೆ ಇಟ್ರೆ ಮನೆಯಿಂದ ಯಾರೋ ಹೋಗ್ತಾರೆ. ಹೆಣ್ಣು ಕಳ್ಸೋ ದಿನ ಹಾಕೋದು ಅದನ್ನ. ಎಲ್ಡೂ ಒಂದೇ ಅಂತ ಯಾರಾದ್ರೂ ಅಂದಾರಾ? ಬರೋರು ಹೋಗೋರು ಒಂದೇನಾ?"

ಆಗ ನನಗೆ ತಿಳಿಯಿತು. ಅವರು ಬರೆದ ಏಳೂ ಹದಿನೊಂದೂ ಅಡ್ಡಾದಿಡ್ಡಿ ಗೀಚಿದ್ದಲ್ಲ. ಪ್ರತಿಯೊಂದಕ್ಕೂ ಲೆಕ್ಕವಿತ್ತು. ಎಲ್ಲಕ್ಕೂ ಅವರು ಮನಸ್ಸಿನಲ್ಲೇ ಒಂದು ಹೊಸ್ತಿಲು ಇಟ್ಟುಕೊಂಡು, ಕವಲು ಅದರ ಕಡೆ ನೋಡುತ್ತಿದೆಯೋ ಬೀದಿಯ ಕಡೆ ನೋಡುತ್ತಿದೆಯೋ ಎಂದು ಬೇರೆ ಬೇರೆಯಾಗಿ ಎಣಿಸಿದ್ದರು. ನಾನು ಕಾಣಲ್ವಾ ಕಾಣಲ್ವಾ ಎಂದು ಕೂಗುತ್ತಿದ್ದೆ. ಅವರಿಗೆ ನನಗಿಂತ ಹೆಚ್ಚೇ ಕಾಣುತ್ತಿತ್ತು.

"ಇದಕ್ಕೆ ಬಾಗಿಲಿಲ್ಲ ಅತ್ತಿಗೆ" ಎಂದೆ.

"ಅಂದ್ರೆ?"

"ಇದು ಯಾರ ಮನೆ ಮುಂದೆಯೂ ಹಾಕಿದ್ದಲ್ಲ. ಗಾಳೀಲಿ, ಪೆಟ್ರೋಲಲ್ಲಿ ಹೊರಳ್ತಾ ಇರುತ್ತೆ. ಮೇಲೆ ಕೆಳಗೆ ಇಲ್ಲ, ಒಳಗೆ ಹೊರಗೆ ಇಲ್ಲ. ಯಾವ ಚುಕ್ಕಿ ಯಾವ ಚುಕ್ಕಿ ಕೈ ಹಿಡಿದಿದೆ, ಅದೊಂದೇ ಲೆಕ್ಕ. ಬಗ್ಗಿದ್ರೂ ಅದೇ, ಮಗುಚಿ ಹಾಕಿದ್ರೂ ಅದೇ. ಹಿಡಿದ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿದ್ರೆ ಮಾತ್ರ ಬೇರೆ."

"ಹೊಸ್ಲೇ ಇಲ್ವಾ?"

"ಇಲ್ಲ."

ಅತ್ತಿಗೆ ಎದ್ದರು. ತಾವು ಹಾಕಿದ್ದನ್ನು ಸುತ್ತು ಹಾಕಿಕೊಂಡು ತಿಪ್ಪೆಯ ಕಡೆ, ಅಮ್ಮ ನಿಂತಿದ್ದ ಜಾಗದಲ್ಲಿ ಹೋಗಿ ನಿಂತರು. ಆ ಕಡೆಯಿಂದ ನೋಡಿದರು. ಬಾವಿಕಟ್ಟೆಯ ಕಡೆ ಹೋಗಿ ನೋಡಿದರು. ಮತ್ತೆ ಬಂದು ಮೊದಲಿನ ಜಾಗದಲ್ಲಿ ನಿಂತು, "ಹೊಸ್ಲು ಇಲ್ಲದ್ದು ಅಂತ ಮೊದಲೇ ಹೇಳ್ಬಾರ್ದಿತ್ತಾ ಮೇಷ್ಟ್ರೇ?" ಎಂದರು. ಧ್ವನಿಯಲ್ಲಿ ಕೀಟಲೆ ಇರಲಿಲ್ಲ.

ಅವರು ಕೇಳಿದ್ದು ಪೆಂಟೇನಿನ ಬಗ್ಗೆ ಮಾತ್ರ ಎಂದು ನನಗೆ ಅನ್ನಿಸಲಿಲ್ಲ.

ಮುಂದಿನ ಭಾನುವಾರ ಅವರೇ ಹೆಕ್ಸೇನ್ ಹಾಕಲು ಕೂತರು. ನಾನು ಬಾವಿಕಟ್ಟೆಯ ಮೇಲೆ ಕೂತು ಬಾಯಿ ಮುಚ್ಚಿಕೊಂಡಿದ್ದೆ. ಆರೂ ಸಾಲಾಗಿ ಹಾಕಿದರು. ಒಂದನ್ನು ಅಳಿಸಿ ಐದರ ಸಾಲು ಮಾಡಿ, ಅಳಿಸಿದ್ದನ್ನು ಎಲ್ಲೆಲ್ಲಿ ಕೂರಿಸಬಹುದು ಎಂದು ಒಂದೊಂದೇ ಚುಕ್ಕಿಯ ಮೇಲೆ ಬೆರಳಿಟ್ಟು ನೋಡಿದರು. "ತುದೀಗೆ ಇಟ್ರೆ ಅದು ಮತ್ತೆ ಆರೇ ಆಯ್ತದೆ. ಎರಡನೇದ್ರ ಮೇಲೆ ಇಡಬಹುದು. ನಡುಮಧ್ಯ ಇರೋದ್ರ ಮೇಲೆ ಇಡಬಹುದು. ನಾಲ್ಕನೇದು..." ಎಂದು ಎದ್ದು ಆ ಕಡೆ ಹೋಗಿ ನೋಡಿ ಬಂದು, "ನಾಲ್ಕನೇದು ಆ ಕಡೆಯಿಂದ ಎರಡನೇದೇ. ಬೇಡ" ಎಂದು ಕೈಬಿಟ್ಟರು. ನಾಲ್ಕರ ಸಾಲು ಮಾಡಿ ಎರಡನ್ನು ಕವಲಿಗೆ ಕಳಿಸಿದರು. ಒಳಗಿನ ಎರಡು ಚುಕ್ಕಿಗೂ ಒಂದೊಂದು ಕವಲು, ಅದು ನಾಲ್ಕನೆಯದು. ಅಲ್ಲಿಗೆ ನಿಂತರು.

ಕಾಲು ಗಂಟೆ ನಿಂತರು. ಹೇಳಿಬಿಡೋಣ ಎಂದು ನಾಲಿಗೆ ತುದಿಗೆ ಬಂದಿತ್ತು. ಆಮೇಲೆ ಅವರೇ, "ಒಬ್ಬರ ಮೇಲೇ ಎರಡೂ ಹೊರಿಸಿದ್ರೆ?" ಎಂದು ತಮಗೇ ಕೇಳಿಕೊಂಡು, ಆ ಚುಕ್ಕಿಯ ಕೈ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. "ನಾಲ್ಕೂ ಕೈ ತುಂಬ್ತು ಪಾಪ. ಇವನಿಗೆ ಹೈಡ್ರೋಜನ್ ಹಿಡಿಯೋಕೆ ಕೈಯಿಲ್ಲ. ಆದ್ರೂ ನಡೀತದೆ ಅಲ್ವಾ?"

"ನಡೆಯುತ್ತೆ" ಎಂದೆ.

"ಹಂಗಾದ್ರೆ ಐದು."

ಐದೇ. ಪರೀಕ್ಷಿಸೋಣ ಎಂದು ನಾನು ಕಡ್ಡಿ ತೆಗೆದುಕೊಂಡು ಆರನೆಯದೊಂದು ಬರೆದೆ. ಐದರ ಸಾಲು, ತುದಿಯ ಚುಕ್ಕಿಯಿಂದ ಒಂದು ಕೆಳಕ್ಕೆ. "ಇದು?" ಎಂದೆ.

ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಇದು ಮೊದಲ್ನೇದೇ, ಕಾಲು ಮಡಚ್ಕೊಂಡು ಕುಂತಿದೆ. ನಂಗೇ ಟೋಪಿ ಹಾಕೋಕೆ ಬಂದ್ರಾ?"

ಆ ದಿನ ಅವರು ನಕ್ಕದ್ದು ಅಡುಗೆ ಮನೆಯವರೆಗೂ ಕೇಳಿತು. ನನ್ನ ಹೆಂಡತಿ ಸೌಟು ಹಿಡಿದು ಬಂದು, "ಏನಂತೆ, ನಮ್ಮ ಯಜಮಾನ್ರು ಫೇಲಾದ್ರಾ?" ಎಂದಳು.

ಎರಡನೇ ಪರೀಕ್ಷೆಯ ದಿನ ಬೇಲೂರಿಗೆ ನಾನೂ ಜೊತೆಗೆ ಹೋದೆ. ಅರಸೀಕೆರೆಗೆ ಬಂದು ಅಲ್ಲಿಂದ ಹಳೇಬೀಡಿನ ಮೇಲೆ ಹೋಗುವ ಬಸ್ಸು. ತವರೂರು ದಾಟುವಾಗ ಅತ್ತಿಗೆ ಕಿಟಕಿಯಾಚೆ ನೋಡಲಿಲ್ಲ, ಕೈಯಲ್ಲಿದ್ದ ಹಾಲ್‌ಟಿಕೆಟ್ಟನ್ನೇ ನೋಡುತ್ತಿದ್ದರು. ಗೇಟಿನಲ್ಲಿ ಹದಿನೈದು ಹದಿನಾರರ ಮಕ್ಕಳ ನಡುವೆ ಅವರೊಬ್ಬರೇ ಸೀರೆ. ಒಬ್ಬ ಹುಡುಗಿ ಇವರನ್ನು ಮೇಡಂ ಎಂದುಕೊಂಡು ನಮಸ್ಕಾರ ಮಾಡಿದಳು. ಅತ್ತಿಗೆ ಹಾಲ್‌ಟಿಕೆಟ್ ಎತ್ತಿ ತೋರಿಸಿದರು.

ಮೂರು ಗಂಟೆ ಹೊರಗೆ ಕಾದೆ. ಬಂದಾಗ ಅವರ ಮುಖ ಕೆಂಪಾಗಿತ್ತು.

"ಬಂದಿತ್ತಾ?"

"ಬಂದಿತ್ತು. ಬರೆಯೋದಲ್ಲ, ಅವರೇ ಬರೆದಿದ್ರು. ನಾಲ್ಕು ಚಿತ್ರ, ಸೊಟ್ಟಪಟ್ಟ. ಇದ್ರಲ್ಲಿ ಯಾವ ಎರಡು ಒಂದೇ, ಕಾರಣ ಕೊಡಿ ಅಂತ."

"ಸರಿ, ಮತ್ತೆ?"

"ನಾನು ಸುತ್ತ ನಡೆದು ನೋಡೋಕಾಯ್ತದಾ ಅಲ್ಲಿ? ಬೆಂಚು ಇತ್ತು. ಅದಕ್ಕೇ ಪೇಪರ್ನೇ ತಿರುಗಿಸ್ದೆ. ತಲೆಕೆಳಗೆ ಮಾಡ್ದೆ. ಆಮೇಲೆ ಎತ್ತಿ ಬೆಳಕಿಗೆ ಹಿಡಿದು ಹಿಂದ್ಲಿಂದ ನೋಡ್ದೆ. ಮೇಲ್ವಿಚಾರಕರು ಓಡಿ ಬಂದ್ರು. ಏನಮ್ಮ, ಪೇಪರ್ ಮೇಲೆ ಉತ್ತರ ಗೀಚಿ ಹಿಂದಿನೋರಿಗೆ ತೋರಿಸ್ತಿದ್ದೀಯಾ, ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ ಅಂದ್ರು. ಪೇಪರ್ ಕಿತ್ಕೊಂಡ್ರು."

"ಆಮೇಲೆ?" ಎಂದೆ.

"ನಾನು ಎದ್ದು ನಿಂತೆ. ಸಾರ್, ನಾನು ಯಾರಿಗೂ ತೋರಿಸ್ತಿಲ್ಲ, ಆ ಕಡೆಯಿಂದ ನೋಡ್ತಿದ್ದೆ, ಇದಕ್ಕೆ ಮೇಲೆ ಕೆಳಗೆ ಇಲ್ಲ ಅಂದೆ. ಹುಡುಗ್ರೆಲ್ಲ ನಕ್ರು. ಅವರು ಪೇಪರ್ ನೋಡಿದ್ರು, ನನ್ನ ನೋಡಿದ್ರು. ಯಾವುದಮ್ಮ ಪ್ರಶ್ನೆ ಅಂದ್ರು. ತೋರಿಸ್ದೆ. ಆಮೇಲೆ ಅವರೂ ಒಂದು ಸಲ ತಿರುಗಿಸಿ ನೋಡಿದ್ರು." ಅತ್ತಿಗೆ ಉಸಿರು ಬಿಟ್ಟರು. "ಮುಂದಿನ ಬೆಂಚಿಗೆ ಒಬ್ಬಳನ್ನೇ ಕೂರಿಸಿದ್ರು. ಪೇಪರ್ ಕೊಟ್ರು. ಇಲ್ಲಿ ಎಷ್ಟು ಬೇಕಾದ್ರೂ ತಿರುಗಿಸ್ಕೋ ಅಂದ್ರು. ಹತ್ತು ನಿಮಿಷ ಹೋಯ್ತು. ಕೊನೇ ಪ್ರಶ್ನೆ ಅರ್ಧ ಉಳೀತು ಮೇಷ್ಟ್ರೇ."

ನಮ್ಮ ಕೈಲಿದ್ದುದು ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದೆವು. ಹಾಸ್ಟೆಲ್ ಅಲ್ಲಿಂದ ದೂರವಿರಲಿಲ್ಲ. ನೋಡಿಕೊಂಡು ಹೋಗೋಣವಾ ಎಂದೆ. ಬೇಡ ಎಂದರು. "ಆಗದೇ ಹೋದ್ರೆ ನೋಡಿದ್ದು ಮರೀಬೇಕಾಯ್ತದೆ."

ವಾಪಸು ಬರುವ ಬಸ್ಸಿನಲ್ಲಿ ನಾನು ಬಾಯಿಬಿಟ್ಟೆ. "ಅತ್ತಿಗೆ, ಅಣ್ಣ ಹೋದ ಮೇಲೆ ಬಾಗಿಲಿಗೆ ರಂಗೋಲಿ ಹಾಕಿ ಅಂತ ನಾವು ಯಾರೂ ನಿಮಗೆ ಹೇಳಲಿಲ್ಲ. ನಾನು ಹೇಳಬೇಕಾಗಿತ್ತು."

ಅವರು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು. "ನೀವು ಯಾರಾದ್ರೂ ಬೇಡ ಅಂದಿದ್ರೆ ನಾನು ಹಟಕ್ಕಾದ್ರೂ ಹಾಕ್ತಿದ್ದೆ" ಎಂದರು. "ಯಾರೂ ಏನೂ ಅನ್ನಲಿಲ್ಲ. ಯಾರ ಹತ್ರ ಜಗಳ ಆಡ್ಲಿ?" ಸ್ವಲ್ಪ ದೂರ ಹೋದ ಮೇಲೆ, "ಈಗ ಅದು ಬಿಡಿ" ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ನಾನು ಫೋನು ಹಿಡಿದು ಪಡಸಾಲೆಯಲ್ಲಿ ಕೂತಿದ್ದೆ. ಪುಟ ತೆರೆಯದು. ತೆರೆದಾಗ ನೋಡಿದೆ, ಪಾಸು. ಬೇಕಾದದ್ದಕ್ಕಿಂತ ಎರಡೇ ಅಂಕ ಹೆಚ್ಚು. ಆ ಪ್ರಶ್ನೆಗೆ ಎಷ್ಟು ಕೊಟ್ಟರೋ ಗೊತ್ತಿಲ್ಲ, ತಿಳಿಯಲು ಹೋಗಲೂ ಇಲ್ಲ. ಅತ್ತಿಗೆ ಫೋನನ್ನು ಕೈಗೆ ತೆಗೆದುಕೊಂಡು ತಮ್ಮ ಹೆಸರನ್ನು ಎರಡು ಸಲ ಓದಿದರು. ಫೋನು ಕೊಟ್ಟು ಅಡುಗೆ ಮನೆಗೆ ಹೋದರು.

"ಅತ್ತೆ, ಪಾಸಾದೆ."

ಅಮ್ಮ ಒಲೆಯ ಮುಂದೆ ಕೂತಿದ್ದರು. "ಹೋಗ್ತೀಯಾ?"

"ಹೋಗ್ತೀನಿ."

ಅಮ್ಮ ಉರಿ ತಗ್ಗಿಸಿದರು. ಆಮೇಲೆ, "ಅಲ್ಲಿ ಹುಡುಗೀರಿಗೆ ರಾಗಿ ಮುದ್ದೆ ಮಾಡ್ತಾರೋ, ಬರೀ ಅನ್ನನೋ?" ಎಂದು ಕೇಳಿದರು.

"ಗೊತ್ತಿಲ್ಲ ಅತ್ತೆ. ಮಾಡದಿದ್ರೆ ಮಾಡಿಸ್ತೀನಿ."

"ಹಿಟ್ಟು ಸಣ್ಣಗೆ ಬೀಸ್ಸು ಮತ್ತೆ. ಪ್ಯಾಟೆ ಮಿಲ್ಲಿನೋರು ದಪ್ಪ ಬೀಸ್ತಾರೆ."

ನಾಲ್ಕು ದಿನದ ಮೇಲೆ ಅಂಕಪಟ್ಟಿಯ ಪ್ರತಿ ಹಿಡಿದು ಮತ್ತೆ ಬೇಲೂರಿಗೆ ಹೋದೆವು. ಕಾರ್ಯದರ್ಶಿಗಳು ರಿಜಿಸ್ಟರ್ ತೆರೆದರು. ಕನ್ನಡಕ ಏರಿಸಿ, ಪೆನ್ನು ಹಿಡಿದು, ನನ್ನ ಕಡೆ ತಿರುಗಿದರು. "ಇವರ ಹೆಸರಿನ ಮುಂದೆ ಏನಂತ ಬರೆಯೋಣ ಮೇಷ್ಟ್ರೇ? ನಿಮ್ಮ ಅಣ್ಣನವರ ಹೆಸರು ಹಾಕಿ, ಅವರ ಧರ್ಮಪತ್ನಿ ಅಂತ ಬರೆಯೋದು ರೂಢಿ. ಈಗ ಹೆಂಗೆ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದರು. ಮದುವೆಗೆ ಮೊದಲು ಶಾಲೆಯಲ್ಲಿ ಬರೆಸಿದ ಹೆಸರೇ ಇದ್ದ ಅಂಕಪಟ್ಟಿಯನ್ನು ಕಾರ್ಯದರ್ಶಿಗಳು ಓದುವಂತೆ ತಿರುಗಿಸಿ ಮೇಜಿನ ಮೇಲಿಟ್ಟರು.

"ಇದ್ರಲ್ಲಿ ಇರೋ ಹಂಗೆ ಬರ್ಕೊಳ್ಳಿ ಸಾರ್" ಎಂದರು.

ಅವರು ಬರೆದುಕೊಂಡರು. ಶಾಯಿ ಆರುವವರೆಗೆ ಅತ್ತಿಗೆ ನಿಂತು ನೋಡಿದರು. ಆಮೇಲೆ ಅಡುಗೆ ಮನೆ ಯಾವ ಕಡೆ ಎಂದು ಕೇಳಿಕೊಂಡು, ಬ್ಯಾಗನ್ನು ನನ್ನ ಕೈಯಿಂದ ಇಸಿದುಕೊಂಡು, "ನೀವು ಹೊರಡಿ, ಬಸ್ಸು ತಪ್ಪುತ್ತೆ" ಎಂದು ಕಾರಿಡಾರಿನಲ್ಲಿ ನಡೆದರು.